ಅತ್ತೆಯ ದೇವರನಾಮ, ಕ್ಲಿನಿಕ್ಕಿನ ಕೊಳಲು



ನಾನು ಶಿವಮೊಗ್ಗದಲ್ಲಿ ದಂತವೈದ್ಯೆ. ವಿನೋಬನಗರದಲ್ಲಿ ಮನೆ, ದುರ್ಗಿಗುಡಿಯಲ್ಲಿ ಕ್ಲಿನಿಕ್. ಮನೆಯ ಅಡುಗೆಮನೆಯಲ್ಲಿ ಅಮೆಜಾನಿನ ಒಂದು ಎಕೋ ಸ್ಪೀಕರ್ ಇದೆ, ಕ್ಲಿನಿಕ್ಕಿನ ವೇಟಿಂಗ್ ಹಾಲಿನಲ್ಲಿ ಇನ್ನೊಂದು. ಮಾವ ತೀರಿಕೊಂಡ ಮೇಲೆ ಅತ್ತೆಗೆ ಬೆಳಗಿನ ಹೊತ್ತು ದೇವರನಾಮವೇ ಜೊತೆ. ನಾವೆಲ್ಲ ಹೊರಟುಹೋದ ಮೇಲೆ ಮನೆಯಲ್ಲಿ ಅವರೊಬ್ಬರೇ. ತರಕಾರಿ ಹೆಚ್ಚುತ್ತಾ ಹಾಡು ಕೇಳುತ್ತಾರೆ.

ಹತ್ತು ಗಂಟೆಗೆ ನಮ್ಮ ರಿಸೆಪ್ಶನ್ ಹುಡುಗಿ ಕ್ಲಿನಿಕ್ ಬಾಗಿಲು ತೆಗೆದು ಕೊಳಲು ಹಾಕುತ್ತಾಳೆ. ಅದೇ ಗಳಿಗೆಗೆ ಮನೆಯಲ್ಲಿ ಅತ್ತೆಯ ಹಾಡು ಅರ್ಧಕ್ಕೆ ನಿಂತುಬಿಡುತ್ತದೆ. ಮೊದಲು ನಾನು ಗಮನಿಸಲಿಲ್ಲ. ಪಕ್ಕದ ಮನೆಯವರ ಹತ್ತಿರ ಅತ್ತೆ, 'ಸೊಸೆ ಅಲ್ಲಿಂದಲೇ ಬಂದ್ ಮಾಡ್ತಾಳೆ, ಕರೆಂಟ್ ಉಳೀಲಿ ಅಂತ ಇರಬೇಕು' ಅಂದರಂತೆ. ಕೇಳಿ ಎದೆ ಒಡೆದುಹೋಯಿತು.

ಇದನ್ನು ಸರಿಮಾಡಲು ಕ್ಲಿನಿಕ್ಕಿಗೇ ಅಂತ ಬೇರೆ ಅಮೆಜಾನ್ ಖಾತೆ ತೆರೆದೆ. ಅಲ್ಲಿನ ಸ್ಪೀಕರನ್ನು ಅದಕ್ಕೆ ಸೇರಿಸಿದೆ. ಸ್ಪಾಟಿಫೈ ಒಂದೇ ಇದೆ, ಅದಕ್ಕೆ ದುಡ್ಡು ಕಟ್ಟುತ್ತಿರುವುದರಿಂದ ಎರಡೂ ಕಡೆ ಅದನ್ನೇ ಜೋಡಿಸಿದೆ. ಈಗ ಬೆಳಿಗ್ಗೆ ಫೋನಿನ ಆ್ಯಪಿನಲ್ಲಿ ಮನೆಯ ಖಾತೆಯಿಂದ ಹೊರಬಂದು ಕ್ಲಿನಿಕ್ಕಿನದಕ್ಕೆ ಹೋಗಬೇಕು, ಸಂಜೆ ವಾಪಸ್. ಪಾಸ್‌ವರ್ಡ್, ಓಟಿಪಿ, ಪೇಷೆಂಟ್ ಕುರ್ಚಿಯಲ್ಲಿ ಕಾಯುತ್ತಿರುತ್ತಾರೆ. ಒಂದು ದಿನ ಬದಲಿಸುವುದು ಮರೆತು ಅತ್ತೆಯ ಸಕ್ಕರೆ ಕಾಯಿಲೆ ಮಾತ್ರೆಯ ರಿಮೈಂಡರ್ ಹಾಕಿದೆ. ಅದು ಕ್ಲಿನಿಕ್ಕಿನಲ್ಲಿ, ತುಂಬಿದ ಹಾಲಿನಲ್ಲಿ ಕೂಗಿತು. ಅಲ್ಲಿದ್ದವರಲ್ಲಿ ಒಬ್ಬರು ನಮ್ಮ ಬೀದಿಯವರೇ. ಅತ್ತೆಗೆ ವಿಷಯ ಮುಟ್ಟಿತು. ಅವತ್ತಿನಿಂದ ಅವರು ಸ್ಪೀಕರ್ ಹತ್ತಿರ ಹೋಗುತ್ತಿಲ್ಲ, ನನ್ನ ಹತ್ತಿರವೂ ಮಾತು ಕಮ್ಮಿ. ಇಷ್ಟೆಲ್ಲ ಆದರೂ ಹಾಡು ನಿಲ್ಲುವುದು ಮಾತ್ರ ನಿಂತಿಲ್ಲ.

ಒಂದೇ ಫೋನಿನಲ್ಲಿ ಎರಡು ಖಾತೆ ಸಲೀಸಾಗಿ ಬದಲಾಯಿಸುವ ದಾರಿ ಯಾವುದು? ಅತ್ತೆಗೆ ಹೇಗೆ ನಂಬಿಸಲಿ? ಕ್ಲಿನಿಕ್ಕಿನ ಟ್ಯಾಬಿನಲ್ಲಿ ಹಳೆಯ ಮನೆ ಖಾತೆ ಈಗಲೂ ತೆರೆದೇ ಇದೆ, ಅದರಿಂದ ಏನಾದರೂ ತೊಂದರೆಯೇ? ನಮ್ಮ ಯಜಮಾನರಿಗೆ ಹೇಳಿದರೆ 'ಇಷ್ಟು ಸಣ್ಣ ವಿಷಯಕ್ಕೆ ಯಾಕಿಷ್ಟು ತಲೆಬಿಸಿ' ಅನ್ನುತ್ತಾರೆ.

— ಹೆಸರು ಬೇಡ, ಶಿವಮೊಗ್ಗ

ಡಾಕ್ಟರೇ, ನಮಸ್ಕಾರ.

ಇದು ಸಣ್ಣ ವಿಷಯವಲ್ಲ. ಹಗಲೆಲ್ಲ ಒಬ್ಬರೇ ಇರುವ ಹಿರಿಯರಿಗೆ ಕಿವಿಗೆ ಬೀಳುವ ದನಿ ಅದೊಂದೇ. ಅದು ಹೇಳದೆ ಕೇಳದೆ ನಿಂತರೆ ಮನಸ್ಸು ಕಾರಣ ಹುಡುಕುತ್ತದೆ. ಮನೆಯಲ್ಲಿ ಫೋನ್ ಕೈಯಲ್ಲಿ ಹಿಡಿದು ಎಲ್ಲವನ್ನೂ ನಡೆಸುವವರು ನೀವು, ಹಾಗಾಗಿ ಆ ಕಾರಣಕ್ಕೆ ನಿಮ್ಮ ಮುಖ ಬಂದಿತು. ಇನ್ನೊಂದು ಮಾತು ನೇರವಾಗಿ ಹೇಳುತ್ತೇನೆ: ಅತ್ತೆ ಸುಳ್ಳು ಹೇಳಿಲ್ಲ. ಹಾಡು ನಿಂತದ್ದು ನಿಮ್ಮ ಕ್ಲಿನಿಕ್ಕಿನಿಂದಲೇ. ನಿಲ್ಲಿಸಬೇಕು ಎಂಬ ಮನಸ್ಸು ಮಾತ್ರ ಯಾರಿಗೂ ಇರಲಿಲ್ಲ. ಅವರ ಹತ್ತಿರ ಮಾತಾಡುವಾಗ ಈ ಎರಡನ್ನೂ ಹೇಳಬೇಕಾಗುತ್ತದೆ, ಮೊದಲನೆಯದನ್ನು ಮೊದಲು.

ಹಾಡು ಈಗಲೂ ನಿಲ್ಲುತ್ತಿರುವುದಕ್ಕೆ ಕಾರಣ ನಿಮ್ಮ ಪತ್ರದಲ್ಲೇ ಇದೆ. ಸ್ಪೀಕರಿನ ಹಿಂದೆ ಎರಡು ಖಾತೆ ಕೆಲಸ ಮಾಡುತ್ತವೆ. ಒಂದು ಅಮೆಜಾನ್ ಖಾತೆ. ಸ್ಪೀಕರ್ ಯಾರದು, ಅಲಾರಂ ಯಾವುದು, ರಿಮೈಂಡರ್ ಎಲ್ಲಿ ಕೂಗಬೇಕು ಎಂಬುದೆಲ್ಲ ಅದರಲ್ಲಿ. ಎಕೋ ಸ್ಪೀಕರ್ ಒಂದು ಸಲಕ್ಕೆ ಒಂದೇ ಅಮೆಜಾನ್ ಖಾತೆಗೆ ರಿಜಿಸ್ಟರ್ ಆಗಿರುತ್ತದೆ. ಇನ್ನೊಂದು ಹಾಡಿನ ಖಾತೆ, ನಿಮ್ಮಲ್ಲಿ ಸ್ಪಾಟಿಫೈ. ನೀವು ಮೊದಲನೆಯದನ್ನು ಬೇರೆ ಮಾಡಿದಿರಿ, ಎರಡನೆಯದನ್ನು ಒಂದೇ ಉಳಿಸಿಕೊಂಡಿರಿ. ಸ್ಪಾಟಿಫೈನ ಒಂದು ಖಾತೆಯಲ್ಲಿ ಒಂದು ಹೊತ್ತಿಗೆ ಒಂದೇ ಕಡೆ ಹಾಡು ಓಡುತ್ತದೆ. ಎರಡನೆಯ ಕಡೆ ಶುರುವಾದರೆ ಮೊದಲನೆಯದು ನಿಲ್ಲುತ್ತದೆ. ದುರ್ಗಿಗುಡಿಯಲ್ಲಿ ಕೊಳಲು ಎದ್ದಾಗ ವಿನೋಬನಗರದಲ್ಲಿ ದೇವರನಾಮ ಬೀಳುವುದು ಅದಕ್ಕೇ. ಅಮೆಜಾನ್ ಖಾತೆಯನ್ನು ದಿನಕ್ಕೆ ಹತ್ತು ಸಲ ಬದಲಿಸಿದರೂ ಅದು ಸರಿಹೋಗುವುದಿಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಎಕೋ ಸ್ಪೀಕರನ್ನು ನಡೆಸುವ ಅಲೆಕ್ಸಾ ಆ್ಯಪ್ ಒಂದು ಫೋನಿನಲ್ಲಿ ಒಂದು ಹೊತ್ತಿಗೆ ಒಂದೇ ಖಾತೆಯಲ್ಲಿ ಇರುತ್ತದೆ. ಬದಲಿಸಬೇಕೆಂದರೆ ಸೆಟ್ಟಿಂಗ್ಸಿನ ಕೊನೆಯಲ್ಲಿರುವ ಸೈನ್ ಔಟ್ ಒತ್ತಿ ಹೊರಬಂದು ಮತ್ತೆ ಒಳಗೆ ಹೋಗಬೇಕು, ನೀವು ಮಾಡುತ್ತಿರುವ ಹಾಗೆಯೇ. ಕೆಲವು ಆಂಡ್ರಾಯ್ಡ್ ಫೋನುಗಳಲ್ಲಿ ಎರಡನೆಯ ಬಳಕೆದಾರನನ್ನು ಸೇರಿಸಿ ಅಲ್ಲಿ ಇನ್ನೊಂದು ಖಾತೆ ಇಟ್ಟುಕೊಳ್ಳುವ ಉಪಾಯ ಇದೆ. ಅದನ್ನು ನಿಮಗೆ ಹೇಳುವುದಿಲ್ಲ, ಏಕೆಂದರೆ ನಿಮಗೆ ಬದಲಾಯಿಸುವ ಅಗತ್ಯವೇ ಇಲ್ಲ.

ಫೋನಿನ ಆ್ಯಪಿನಿಂದ ಹೊರಬಂದರೆ ಸ್ಪೀಕರ್ ಆ ಖಾತೆಯಿಂದ ಹೊರಬರುವುದಿಲ್ಲ. ಈ ಮಾತು ಬಹಳ ಜನರಿಗೆ ಗೊತ್ತಿಲ್ಲ. ಅಡುಗೆಮನೆಯ ಸ್ಪೀಕರ್ ಮನೆಯ ಖಾತೆಯಲ್ಲೇ ಇರುತ್ತದೆ, ಕ್ಲಿನಿಕ್ಕಿನದು ಕ್ಲಿನಿಕ್ಕಿನ ಖಾತೆಯಲ್ಲೇ. ನಿಮ್ಮ ಫೋನಿನಲ್ಲಿ ಯಾವ ಖಾತೆ ಇದ್ದರೂ, ಫೋನ್ ಸ್ವಿಚ್ ಆಫ್ ಆಗಿದ್ದರೂ, ಎರಡೂ ತಮ್ಮ ಪಾಡಿಗೆ ಬಾಯಿಮಾತಿಗೆ ಓಗೊಡುತ್ತವೆ. ಆ್ಯಪ್ ಬೇಕಾಗುವುದು ವೈಫೈ ಬದಲಾದಾಗ, ಹೊಸ ರಿಮೈಂಡರ್ ಹಾಕುವಾಗ, ರೂಟೀನ್ ಮಾಡುವಾಗ ಅಷ್ಟೆ. ಹಾಗಿರುವಾಗ ಬೆಳಿಗ್ಗೆ ಸಂಜೆ ಓಟಿಪಿ ಕಾಯುವುದು ಬೇಡ. ನಿಮ್ಮ ಫೋನಿನಲ್ಲಿ ಮನೆಯ ಖಾತೆ ಕಾಯಂ ಇರಲಿ. ಕ್ಲಿನಿಕ್ಕಿನ ಟ್ಯಾಬಿನಲ್ಲಿ ಕ್ಲಿನಿಕ್ಕಿನ ಖಾತೆ ಕಾಯಂ ಇರಲಿ. ರಿಸೆಪ್ಶನ್ ಹುಡುಗಿಗೆ ಅದನ್ನು ನಡೆಸಲು ಹೇಳಿಕೊಡಿ, ನೀವು ಅದರ ಗೊಡವೆ ಬಿಡಿ. ಆ ಖಾತೆಯನ್ನು ನಿಮ್ಮ ಸ್ವಂತ ಮೇಲ್ ಬದಲು ಕ್ಲಿನಿಕ್ಕಿನ ಮೇಲ್ ವಿಳಾಸದಿಂದ ನಡೆಸಿ, ಅದಕ್ಕೆ ನಿಮ್ಮ ಬ್ಯಾಂಕ್ ಕಾರ್ಡ್ ಜೋಡಿಸಬೇಡಿ. ನಾಳೆ ಈ ಹುಡುಗಿ ಮದುವೆಯಾಗಿ ಬೇರೆ ಊರಿಗೆ ಹೋದರೂ ಪಾಸ್‌ವರ್ಡ್ ಒಂದು ಬದಲಿಸಿದರೆ ಮುಗಿಯಿತು.

ಗೂಗಲ್ ಹೋಮ್ ಇಟ್ಟುಕೊಂಡವರೂ ಇದೇ ಥರದ ಪತ್ರ ಬರೆಯುತ್ತಾರೆ, ಅವರಿಗಾಗಿ ಒಂದು ಮಾತು. ಅಲ್ಲಿ ಒಂದೇ ಖಾತೆಯ ಕೆಳಗೆ ಮನೆಗೊಂದು, ಅಂಗಡಿಗೊಂದು ಅಂತ ಎರಡು 'ಹೋಮ್' ಮಾಡಿಕೊಂಡು ಒಂದರಿಂದ ಇನ್ನೊಂದಕ್ಕೆ ಸುಲಭವಾಗಿ ಹೋಗಬಹುದು. ಆದರೆ ಹಾಡಿನ ಖಾತೆ ಎರಡಕ್ಕೂ ಒಂದೇ ಆಗಿದ್ದರೆ ಅಲ್ಲೂ ಇದೇ ಕಥೆ.

ಇನ್ನು ಟ್ಯಾಬಿನ ವಿಷಯ. ಪತ್ರದ ಕೊನೆಗೆ ಒಂದು ಸಾಲಿನಲ್ಲಿ ಕೇಳಿ ಮುಗಿಸಿದ್ದೀರಿ, ನನಗೆ ಮಾತ್ರ ಇಡೀ ಪತ್ರದಲ್ಲಿ ಹೆಚ್ಚು ಭಯವಾದದ್ದು ಅದೇ. ಈ ಅಂಕಣ ಓದಿ ಮುಗಿಸುವ ಮೊದಲೇ ಬೇಕಾದರೂ ಹೋಗಿ ಅದನ್ನು ಸರಿಮಾಡಿ ಬನ್ನಿ.

ಆ ಟ್ಯಾಬಿನಲ್ಲಿ ಮನೆಯ ಖಾತೆ ತೆರೆದಿದೆ ಎಂದರೆ ನಿಮ್ಮ ಮನೆಯ ಬೀಗದ ಕೈಯನ್ನು ಕ್ಲಿನಿಕ್ಕಿನ ಕೌಂಟರಿನ ಮೇಲೆ ಇಟ್ಟ ಹಾಗೆ. ಅಲೆಕ್ಸಾದಲ್ಲಿ ಡ್ರಾಪ್ ಇನ್ ಎಂಬ ಸೌಲಭ್ಯ ಇದೆ. ಅದು ತೆರೆದಿದ್ದರೆ, ಒಂದೇ ಖಾತೆಯಲ್ಲಿರುವ ಸ್ಪೀಕರಿಗೆ ಆ್ಯಪಿನಿಂದ ನೇರವಾಗಿ ಮಾತು ಜೋಡಿಸಬಹುದು. ಫೋನ್ ಕರೆಯಂತೆ ಆ ಕಡೆಯವರು ಎತ್ತಬೇಕಾಗಿಲ್ಲ. ಒಂದು ಸಣ್ಣ ಸದ್ದಾಗುತ್ತದೆ, ದೀಪ ಹಸಿರಾಗುತ್ತದೆ, ಅಡುಗೆಮನೆಯ ಮಾತು ಟ್ಯಾಬಿನಲ್ಲಿ ಕೇಳುತ್ತದೆ. ಅತ್ತೆ ಪಕ್ಕದ ಮನೆಯವರ ಹತ್ತಿರ ಏನಾದರೂ ಹೇಳಿಕೊಳ್ಳುತ್ತಿರಬಹುದು, ದೇವರ ಮುಂದೆ ಅಳುತ್ತಿರಬಹುದು. ನಿಮ್ಮ ಹುಡುಗಿ ಒಳ್ಳೆಯವಳೇ ಇರಲಿ, ಬೆರಳು ತಪ್ಪಿ ತಗುಲಿದರೂ ಸಾಕು. ಅದರ ಜೊತೆಗೆ ಮನೆಯಲ್ಲಿ ಯಾರು ಏನು ಕೇಳಿದರು ಎಂಬ ಮಾತಿನ ಚರಿತ್ರೆ ಅದೇ ಆ್ಯಪಿನಲ್ಲಿ ದಾಖಲಾಗಿರುತ್ತದೆ, ಬಹಳ ಸಲ ಧ್ವನಿಯ ಸಮೇತ. ಸಾಮಾನಿನ ಪಟ್ಟಿ, ರಿಮೈಂಡರ್, ನಿಮ್ಮ ಶಾಪಿಂಗ್, ಎಲ್ಲವೂ ಅದೇ ಖಾತೆಗೆ ಅಂಟಿಕೊಂಡಿರುವಂಥವು.

ಟ್ಯಾಬಿನಲ್ಲಿ ಮನೆಯ ಖಾತೆಯಿಂದ ಸೈನ್ ಔಟ್ ಆಗಿ. ಆಮೇಲೆ ನಿಮ್ಮ ಅಮೆಜಾನ್ ಪಾಸ್‌ವರ್ಡ್ ಬದಲಿಸಿ. ಹಳೆಯ ಪಾಸ್‌ವರ್ಡ್ ಆ ಟ್ಯಾಬಿನ ಬ್ರೌಸರಿನಲ್ಲಿ ಸೇವ್ ಆಗಿದ್ದರೆ ಅದನ್ನೂ ಅಳಿಸಿ. ನಿಮ್ಮ ಫೋನಿನಲ್ಲಿ ಅಡುಗೆಮನೆ ಸ್ಪೀಕರಿನ ಸೆಟ್ಟಿಂಗ್ಸ್ ತೆರೆದು, ಕಮ್ಯುನಿಕೇಷನ್ಸ್ ಒಳಗೆ ಡ್ರಾಪ್ ಇನ್ ಆಫ್ ಮಾಡಿ. ಮಾಡುವ ಮೊದಲು ಅತ್ತೆಯನ್ನು ಕೇಳಬಹುದು: 'ನೀವು ಬಿದ್ದಾಗ, ಪೆಟ್ಟಾದಾಗ ನಾನು ಇದರಲ್ಲಿ ಕೂಗಿ ವಿಚಾರಿಸಲಿಕ್ಕೆ ಅನುಕೂಲ ಆಗ್ತದೆ, ಇಟ್ಟುಕೊಳ್ಳೋಣವೋ ಬೇಡವೋ?' ಬೇಕು ಅಂದರೆ ನಿಮ್ಮ ಮತ್ತು ಅವರ ಮಗನ ಫೋನಿಗೆ ಮಾತ್ರ ಇರಲಿ. ಬೇಡ ಅಂದರೆ ಬೇಡ. ಅಡುಗೆಮನೆ ಅವರದು, ತೀರ್ಮಾನವೂ ಅವರದಾಗಲಿ.

ಇದರ ಇನ್ನೊಂದು ಮಗ್ಗುಲನ್ನೂ ನೋಡಿ. ನಿಮ್ಮ ಅಪಾಯಿಂಟ್‌ಮೆಂಟ್ ಕ್ಯಾಲೆಂಡರನ್ನು ಮನೆಯ ಖಾತೆಗೆ ಜೋಡಿಸಿದ್ದರೆ ಬಿಡಿಸಿ. ನಾಳೆ ಯಾರಿಗೆ ರೂಟ್ ಕೆನಾಲ್ ಎಂಬುದನ್ನು ನಿಮ್ಮ ಅಡುಗೆಮನೆ ಸ್ಪೀಕರ್ ಓದಿ ಹೇಳುವುದು ಆ ಪೇಷೆಂಟಿಗೆ ಮಾಡುವ ಅನ್ಯಾಯ. ಅತ್ತೆಯ ಮಾತ್ರೆಯ ವಿಷಯ ವೇಟಿಂಗ್ ಹಾಲಿನಲ್ಲಿ ಕೂಗಿದಾಗ ಅವರಿಗೆ ಹೇಗಾಯಿತೋ, ಆ ಪೇಷೆಂಟಿಗೂ ಹಾಗೇ ಆಗುತ್ತದೆ.

ಇನ್ನು ಕ್ಲಿನಿಕ್ಕಿನ ಕೊಳಲು. ಅಲ್ಲಿಗೆ ಇನ್ನೊಂದು ಸ್ಪಾಟಿಫೈ ಖಾತೆ ತೆಗೆದರೆ ಆಯಿತಲ್ಲ ಅಂತ ನಿಮಗೆ ಅನ್ನಿಸಿರಬಹುದು. ಬೇಡ. ಸ್ಪಾಟಿಫೈ ಸ್ವಂತ ಕೇಳುವಿಕೆಗೆ ಕೊಟ್ಟಿರುವಂಥದ್ದು. ಅಂಗಡಿ, ಹೋಟೆಲ್, ಕ್ಲಿನಿಕ್ಕಿನಲ್ಲಿ ಹಾಕುವಂತಿಲ್ಲ ಎಂದು ಅದರ ಷರತ್ತಿನಲ್ಲೇ ಇದೆ, ಎಷ್ಟು ದುಡ್ಡು ಕಟ್ಟಿದರೂ ಅಷ್ಟೆ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯೂ ಮನೆಗೊಂದು, ವ್ಯವಹಾರದ ಜಾಗಕ್ಕೊಂದು ಅಂತ ಬೇರೆ ನೋಡುತ್ತದೆ. ವಾಸದ ಕಟ್ಟಡದಲ್ಲಿ ಅಲ್ಲಿರುವವರೆಲ್ಲ ಕೂತು ಧ್ವನಿಮುದ್ರಿಕೆ ಕೇಳಲು ಅದರ 52ನೇ ಕಲಮಿನಲ್ಲಿ ವಿನಾಯಿತಿ ಇದೆ, ಮದುವೆ ಮತ್ತು ಧಾರ್ಮಿಕ ಕಾರ್ಯಕ್ಕೂ ಇದೆ. ವೇಟಿಂಗ್ ಹಾಲಿಗೆ ಅಂಥ ವಿನಾಯಿತಿ ಇಲ್ಲ. ಅಲ್ಲಿ ಸಾರ್ವಜನಿಕರಿಗೆ ಕೇಳಿಸಬೇಕಾದರೆ ಹಕ್ಕುದಾರರ ಪರವಾನಗಿ ಬೇಕು. ಸಾಹಿತ್ಯ ಮತ್ತು ರಾಗಸಂಯೋಜನೆಯ ಹಕ್ಕನ್ನು ನೋಡಿಕೊಳ್ಳಲು 1969ರಲ್ಲಿ ಶುರುವಾದ ಐಪಿಆರ್‌ಎಸ್ ಇದೆ, ಧ್ವನಿಮುದ್ರಣದ ಹಕ್ಕಿಗೆ ಪಿಪಿಎಲ್‌ನಂಥ ಸಂಸ್ಥೆಗಳಿವೆ. ವ್ಯಾಪಾರದ ಸ್ಥಳಕ್ಕೆಂದೇ ಪರವಾನಗಿ ಸಮೇತ ಸಂಗೀತ ಕೊಡುವ ಸೇವೆಗಳೂ ಇವೆ. ಆ ಕೊಳಲು ಊದಿದವರೂ ಹೊಟ್ಟೆಪಾಡಿಗೆ ಅದನ್ನೇ ನಂಬಿದವರು, ಅವರಿಗೆ ಸಲ್ಲಬೇಕಾದ್ದು ಸಲ್ಲಲಿ ಎಂಬುದು ನನ್ನ ಆಸೆ.

ನಾನಾದರೆ ನಿಮಗೆ ಬೇರೊಂದು ದಾರಿ ತೋರಿಸುತ್ತೇನೆ. ಶಿವಮೊಗ್ಗದಲ್ಲಿ ಸಂಗೀತ ಬಲ್ಲವರಿಗೆ ಬರವಿಲ್ಲ. ಪಾಠ ಹೇಳುವ ಒಬ್ಬ ಕೊಳಲು ಅಥವಾ ವೀಣೆ ವಿದ್ವಾಂಸರನ್ನು ಕಂಡು, ಒಂದೆರಡು ಗಂಟೆ ನುಡಿಸಿ ರೆಕಾರ್ಡ್ ಮಾಡಿಕೊಡಲು ಕೇಳಿ. ಒಳ್ಳೆಯ ಸಂಭಾವನೆ ಕೊಡಿ. 'ನನ್ನ ಕ್ಲಿನಿಕ್ಕಿನಲ್ಲಿ ಹಾಕಿಕೊಳ್ಳಲು ಒಪ್ಪಿಗೆ ಇದೆ' ಎಂದು ಅವರಿಂದ ಬರೆಸಿಕೊಳ್ಳಿ. ನಮ್ಮಲ್ಲಿ ರಚನೆಕಾರರು ತೀರಿಕೊಂಡು 60 ವರ್ಷ ಕಳೆದ ಮೇಲೆ ರಚನೆಯ ಹಕ್ಕುಸ್ವಾಮ್ಯ ಮುಗಿಯುತ್ತದೆ. ದಾಸರ ಪದಗಳು, ತ್ಯಾಗರಾಜರ ಕೃತಿಗಳು ಎಲ್ಲರಿಗೂ ಸೇರಿದವು. ಆದರೆ ಅವುಗಳ ಈಗಿನ ಒಂದೊಂದು ಧ್ವನಿಮುದ್ರಣಕ್ಕೂ ಪ್ರಕಟವಾದಂದಿನಿಂದ ಬೇರೆಯೇ 60 ವರ್ಷದ ಹಕ್ಕು ಇರುತ್ತದೆ. ಅದಕ್ಕೇ ಹೊಸದಾಗಿ ನುಡಿಸಿಕೊಳ್ಳಿ ಅನ್ನುವುದು. ಆ ಫೈಲನ್ನು ಟ್ಯಾಬಿಗೆ ಹಾಕಿ, ಬ್ಲೂಟೂತಿನಲ್ಲಿ ಸ್ಪೀಕರಿಗೆ ಜೋಡಿಸಿ. ಸ್ಪೀಕರ್ ಬರೀ ಸ್ಪೀಕರ್ ಆಗಿ ಕೆಲಸ ಮಾಡುತ್ತದೆ, ಹಾಡಿನ ಖಾತೆಯೇ ಬೇಕಿಲ್ಲ. ಅದರ ಮೇಲಿರುವ ಮೈಕ್ ಗುಂಡಿ ಒತ್ತಿ ಕೆಂಪು ದೀಪ ಹತ್ತಿಸಿಟ್ಟರೆ ಪೇಷೆಂಟುಗಳ ಮಾತಿಗೆ ಕಿವಿಗೊಡುವ ಯಂತ್ರ ಹಾಲಿನಲ್ಲಿ ಇಲ್ಲ ಎಂಬ ನೆಮ್ಮದಿಯೂ ಸಿಗುತ್ತದೆ. ನೋಡಿ, ಕ್ಲಿನಿಕ್ಕಿನ ಸಂಗೀತ ಸ್ಪಾಟಿಫೈಯಿಂದ ಆಚೆ ಹೋದ ದಿನವೇ ಅತ್ತೆಯ ದೇವರನಾಮಕ್ಕೆ ಅಡ್ಡಿಯೂ ಹೋಯಿತು. ಕ್ಲಿನಿಕ್ಕಿನ ಅಲೆಕ್ಸಾ ಖಾತೆಯಲ್ಲಿ ಸಂಗೀತದ ಪಟ್ಟಿ ತೆರೆದು ಸ್ಪಾಟಿಫೈ ಜೋಡಣೆ ತೆಗೆದುಹಾಕುವುದು ಮಾತ್ರ ಮರೆಯಬೇಡಿ. ಇಲ್ಲದಿದ್ದರೆ ಹುಡುಗಿ ಅಭ್ಯಾಸಬಲದಿಂದ ಅದನ್ನೇ ಕೇಳುತ್ತಾಳೆ.

ನೀವೂ ಯಜಮಾನರೂ ಕಾರಿನಲ್ಲಿ ಅದೇ ಸ್ಪಾಟಿಫೈ ಹಾಕುತ್ತೀರಾದರೆ ಅಲ್ಲೂ ಅತ್ತೆಯ ಹಾಡು ನಿಲ್ಲುತ್ತದೆ. ಹತ್ತು ಗಂಟೆಯ ಸಮಸ್ಯೆ ಸರಿಹೋಗಿ ಒಂಬತ್ತಕ್ಕೆ ಹಾಡು ನಿಂತರೆ ಅವರು ನಿಮ್ಮ ಮಾತು ಇನ್ನೆಂದೂ ನಂಬಲಿಕ್ಕಿಲ್ಲ. ಆದ್ದರಿಂದ ಅಡುಗೆಮನೆಗೆ ಜೋಡಿಸಿದ ಹಾಡಿನ ಖಾತೆ ಅತ್ತೆಯದೇ ಆಗಿರಲಿ, ಅವರ ಹೆಸರಿನಲ್ಲಿ, ಬೇರೆ ಯಾರೂ ಮುಟ್ಟದ ಹಾಗೆ. ಒಬ್ಬೊಬ್ಬರಿಗೂ ಪ್ರತ್ಯೇಕ ಖಾತೆ ಕೊಡುವ ಪ್ಲಾನ್ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಇಲ್ಲದಿದ್ದರೆ ಈಗಿನದನ್ನು ಅವರಿಗೆ ಬಿಟ್ಟುಕೊಟ್ಟು ನೀವು ಬೇರೆ ಮಾಡಿಕೊಳ್ಳಿ.

ಈಗ ಅತ್ತೆಯ ಹತ್ತಿರ ಮಾತು. ನಂಬಿಸುವುದು ಹೇಗೆ ಅಂತ ಕೇಳಿದ್ದೀರಿ. ವಾದ ಮಾಡಬೇಡಿ, ತೋರಿಸಿ. ಖಾತೆ ಬೇರೆ ಮಾಡುವ ಮೊದಲು, ಒಂದು ಭಾನುವಾರ ತಿಂಡಿ ಆದ ಮೇಲೆ, ಅಡುಗೆಮನೆಯಲ್ಲೇ ಅವರನ್ನು ಕೂರಿಸಿ ಅವರ ಹಾಡು ಹಾಕಿ. ಆಮೇಲೆ ನಿಮ್ಮ ಫೋನನ್ನು ಅವರ ಕೈಗೆ ಕೊಟ್ಟು, ಸ್ಪಾಟಿಫೈ ತೆರೆದು, ಇದನ್ನು ಫೋನಿನಲ್ಲೇ ಕೇಳಬೇಕು ಎಂದು ಆರಿಸಿ, ಯಾವುದಾದರೂ ಹಾಡು ಅವರ ಬೆರಳಿನಿಂದಲೇ ಒತ್ತಿಸಿ. ಸ್ಪೀಕರ್ ಸುಮ್ಮನಾಗುತ್ತದೆ. 'ಅತ್ತೆ, ಇದೇ ಆಗ್ತಾ ಇದ್ದದ್ದು. ಕ್ಲಿನಿಕ್ಕಲ್ಲಿ ಹಾಡು ಹಾಕಿದ್ರೆ ನಿಮ್ದು ನಿಲ್ತಿತ್ತು. ನಂಗೆ ತಡವಾಗಿ ಗೊತ್ತಾಯ್ತು. ನೀವು ಹೇಳಿದ್ದು ಸರಿಯಾಗೇ ಇತ್ತು' ಅನ್ನಿ. ಅಷ್ಟು ಸಾಕು. ಪಕ್ಕದ ಮನೆಯವರ ಮಾತು ಎತ್ತಬೇಡಿ. ಎತ್ತಿದರೆ ಅವರು ತಲೆ ತಗ್ಗಿಸಬೇಕಾಗುತ್ತದೆ, ಮತ್ತೆ ಮಾತು ಮುರಿಯುತ್ತದೆ.

ಮಾತ್ರೆಯ ವಿಷಯ ಬೇರೆ. ಅದಕ್ಕೆ ಯಂತ್ರದ ವಿವರಣೆ ಕೊಡಬೇಡಿ. ಅವರ ಕಾಯಿಲೆಯ ಸುದ್ದಿ ಬೀದಿಗೆ ಹೋಯಿತು, ಅದು ಹೋದದ್ದು ನಿಮ್ಮ ಕೈಯಿಂದ. 'ನನ್ನಿಂದ ತಪ್ಪಾಯಿತು ಅತ್ತೆ' ಎಂಬ ಒಂದೇ ಮಾತು ಹೇಳಿ, ಅದರ ಹಿಂದೆ 'ಆದರೆ' ಸೇರಿಸಬೇಡಿ. ಮುಂದೆ ರಿಮೈಂಡರ್ ಬೇಕಾದರೆ ಅದರಲ್ಲಿ ಕಾಯಿಲೆಯ ಹೆಸರು ಹಾಕದೆ 'ಅಮ್ಮ, ಒಂಬತ್ತು ಗಂಟೆ' ಅಂತಷ್ಟೇ ಇಟ್ಟರೆ ಅವರಿಗೆ ಅರ್ಥವಾಗುತ್ತದೆ, ಬೇರೆಯವರಿಗೆ ಬೇಕಾಗಿಲ್ಲ.

ಅವರು ಮತ್ತೆ ಸ್ಪೀಕರ್ ಹತ್ತಿರ ಬಂದರೆ ಒಂದು ಅನುಕೂಲ ಮಾಡಿಕೊಡಿ. ಅಲೆಕ್ಸಾ ನಮ್ಮ ದೇಶದಲ್ಲಿ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತಾಡುತ್ತದೆ, ಕನ್ನಡದಲ್ಲಿ ಹೇಳಿದರೆ ಸರಿಯಾಗಿ ಹಿಡಿಯುವುದಿಲ್ಲ. ದಿನಾ ಬೆಳಿಗ್ಗೆ ಇಂಗ್ಲಿಷ್ ವಾಕ್ಯ ನೆನಪಿಟ್ಟು ಹೇಳುವುದು ಅವರಿಗೆ ಪರೀಕ್ಷೆ ಬರೆದ ಹಾಗೆ ಆಗಬಾರದು. ಆ್ಯಪಿನಲ್ಲಿ ರೂಟೀನ್ ಮಾಡಿ: ಇಂಥ ಹೊತ್ತಿಗೆ ಇಂಥ ಹಾಡಿನ ಪಟ್ಟಿ, ಇಷ್ಟೇ ಸದ್ದಿನಲ್ಲಿ, ತಾನಾಗಿ ಶುರುವಾಗಲಿ. ಪಟ್ಟಿಯಲ್ಲಿ ಯಾವ ಹಾಡು ಇರಬೇಕು ಎಂದು ಅವರ ಪಕ್ಕ ಕೂತು ಕೇಳಿ ಬರೆದುಕೊಳ್ಳಿ. ಈ ಕೆಲಸವನ್ನು ನಿಮ್ಮ ಯಜಮಾನರಿಗೆ ಒಪ್ಪಿಸಿ. ಅಮ್ಮನಿಗೆ ಯಾವ ದೇವರನಾಮ ಇಷ್ಟ ಎಂದು ಮಗ ಕೇಳಲಿ. ಮನೆ, ಕ್ಲಿನಿಕ್ ಎರಡರ ತಂತ್ರಜ್ಞಾನದ ಜವಾಬ್ದಾರಿ ಒಬ್ಬರ ಹೆಗಲ ಮೇಲೇ ಬಿದ್ದದ್ದರಿಂದಲೇ ಅತ್ತೆಯ ಅನುಮಾನವೂ ನಿಮ್ಮೊಬ್ಬರ ಮೇಲೇ ಬಿತ್ತು. ಸಣ್ಣ ವಿಷಯ ಎಂದವರಿಗೆ ಇದನ್ನು ಮಾಡಲು ಹೆಚ್ಚು ಹೊತ್ತು ಬೇಕಾಗಲಾರದು, ಮಾಡಿದ ಮೇಲೆ ಅವರಿಗೂ ಇದರ ತೂಕ ತಿಳಿಯುತ್ತದೆ.

ಇಷ್ಟೆಲ್ಲ ಆದ ಮೇಲೂ 'ಆ ಡಬ್ಬಿ ನಂಗೆ ಬೇಡ' ಅಂತ ಅತ್ತೆ ಅಂದರೆ ಒತ್ತಾಯ ಮಾಡಬೇಡಿ. ಪೆನ್‌ಡ್ರೈವ್ ಹಾಕುವ ರೇಡಿಯೊ ಅಂಗಡಿಯಲ್ಲಿ ಸಿಗುತ್ತದೆ, ಅದರ ಗುಂಡಿ ದೊಡ್ಡದಿರುವುದನ್ನು ನೋಡಿ ತನ್ನಿ. ಖಾತೆ ಇಲ್ಲ, ಓಟಿಪಿ ಇಲ್ಲ, ವೈಫೈ ಹೋದರೂ ಹಾಡು ನಿಲ್ಲುವುದಿಲ್ಲ. ದುಡ್ಡು ಕೊಟ್ಟು ಕೊಂಡ ಸ್ಪೀಕರ್ ಎಂಬ ಲೆಕ್ಕ ಬೇಡ, ಅದನ್ನು ನಿಮ್ಮ ಕೋಣೆಗೆ ಒಯ್ಯಿರಿ.